ವರ್ಷಕ್ಕೊಮ್ಮೆ ತೆರೆಯುವ ಖಾತೆ



ಹೋದ ತಿಂಗಳು ಒಂದು ದಿನ ಬೆಳಿಗ್ಗೆ ನಾನಿನ್ನೂ ಚಹಾ ಕುಡಿಯುತ್ತ ಕೂತಿದ್ದೆ. ಹುಬ್ಬಳ್ಳಿಯಿಂದ ನನ್ನ ತಂಗಿಯ ಮಗಳ ಫೋನ್ ಬಂತು. ಶಾಲೆಯಲ್ಲಿ ಪಾಠ ಹೇಳುವ ಹುಡುಗಿ, ಮಗನೂ ಇದ್ದಾನೆ. ಮೂರು ವರ್ಷದ ಸ್ಕೂಟರ್ ಸಾಲವನ್ನು ಒಂದು ಕಂತೂ ತಪ್ಪಿಸದೆ ಕಟ್ಟಿ, ಹಿಂದಿನ ತಿಂಗಳಷ್ಟೇ ಮುಗಿಸಿದ್ದಳು. ಆ ಖುಷಿ ಹೇಳಲಿಕ್ಕೆ ಮಾಡಿರಬೇಕು ಅಂದುಕೊಂಡೆ. ಆದರೆ ಆಕೆಯ ದನಿ ಅಳುವಂತಿತ್ತು. "ಮಾಮಾ, ನನ್ನ ಸಿಬಿಲ್ ಹನ್ನೆರಡು ಪಾಯಿಂಟ್ ಇಳದೈತಿ. ಸಾಲ ತೀರಿಸಿದ್ದಕ್ಕ ಇದು ಶಿಕ್ಷಾನೇನು?" ಅಂದಳು.

"ನಿನಗ ಹೆಂಗ ಗೊತ್ತಾತು?" ಅಂತ ಕೇಳಿದೆ.

"ದಿನಾ ಎದ್ದ ಕೂಡಲೇ ಮೊಬೈಲ್‌ನ್ಯಾಗ ನೋಡ್ತೀನಲ್ಲ ಮಾಮಾ. ಅಪ್ಪ ಬಿ.ಪಿ. ನೋಡ್ಕೊಂತಾನಲ್ಲ, ಹಂಗ."

ಆ ಮಾತು ಇಡೀ ದಿನ ನನ್ನ ತಲೆಯಲ್ಲಿ ಉಳಿಯಿತು. ಮೂವತ್ತಕ್ಕೂ ಹೆಚ್ಚು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದವನು ನಾನು. ಗದಗ, ಕೊಪ್ಪಳ, ಬಾಗಲಕೋಟೆಯ ಶಾಖೆಗಳಲ್ಲಿ ಸಾಲ ಕೊಟ್ಟಿದ್ದೇನೆ, ವಸೂಲಿ ಮಾಡಿದ್ದೇನೆ, ಸಾಲ ಇಲ್ಲವೆಂದು ಹೇಳಿ ಜನರನ್ನು ಬರಿಗೈಲಿ ಕಳಿಸಿಯೂ ಇದ್ದೇನೆ. ಸಾಲಗಾರರ ಮುಖದಲ್ಲಿ ಚಿಂತೆ ಕಂಡದ್ದು ಎಷ್ಟೋ ಸಲ. ಆದರೆ ಸಾಲ ತೀರಿಸಿದವಳ ದನಿಯಲ್ಲಿ ಇಂಥ ಚಿಂತೆ ಕೇಳಿದ್ದು ಅದೇ ಮೊದಲು. ಈ ಹುಡುಗಿಯಂತೆ ದಿನವೂ ಒಂದು ಅಂಕಿ ನೋಡಿಕೊಂಡು ಎದೆಬಡಿತ ಹೆಚ್ಚಿಸಿಕೊಳ್ಳುವವರು ನಮ್ಮ ನಡುವೆ ಬಹಳ ಜನ ಇದ್ದಾರೆ. ಅವರೊಡನೆ ಕೂತು ಮಾತಾಡುವಂತೆ ಇವತ್ತು ನಾಲ್ಕು ಮಾತು ಆಡಬೇಕೆಂದಿದ್ದೇನೆ.

ಮೊದಲು, ಈ ಅಂಕ ಅಂದರೆ ಏನು? ನಾವು ಬಾಯಿಮಾತಿನಲ್ಲಿ 'ಸಿಬಿಲ್' ಅನ್ನುತ್ತೇವೆ. ಅದು ಒಂದು ಕಂಪನಿಯ ಹೆಸರು. 2000ನೇ ಇಸವಿಯ ಆಗಸ್ಟ್‌ನಲ್ಲಿ ಮುಂಬೈಯಲ್ಲಿ ಅದು ಹುಟ್ಟಿತು. ಯಾರು ಎಲ್ಲಿ ಎಷ್ಟು ಸಾಲ ಮಾಡಿದ್ದಾರೆ, ಹೇಗೆ ತೀರಿಸುತ್ತಿದ್ದಾರೆ ಎಂಬ ಮಾಹಿತಿಯನ್ನು ಬ್ಯಾಂಕುಗಳಿಂದ ತರಿಸಿ ಒಂದು ಕಡೆ ಇಡುವುದು ಅದರ ಕೆಲಸ. ಇಂಥ ಕಂಪನಿಗಳಿಗಾಗಿ 2005ರಲ್ಲಿ ಸಂಸತ್ತು ಒಂದು ಕಾಯ್ದೆಯನ್ನೇ ಮಾಡಿತು. ಈಗ ದೇಶದಲ್ಲಿ ಇಂಥವು ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್ ಮತ್ತು ಕ್ರಿಫ್ ಹೈ ಮಾರ್ಕ್. ಸಿಬಿಲ್ ಕೊಡುವ ಅಂಕ 300ರಿಂದ 900ರವರೆಗೆ ಇರುತ್ತದೆ. 750ಕ್ಕೆ ಮೇಲಿದ್ದರೆ ಒಳ್ಳೆಯದು ಎಂದು ಸಾಲ ಕೊಡುವವರು ಸಾಮಾನ್ಯವಾಗಿ ಎಣಿಸುತ್ತಾರೆ.

ಆ ಲೆಕ್ಕದೊಳಗೆ ಏನೇನು ಸೇರುತ್ತದೆ? ಕಂತು ಹೊತ್ತಿಗೆ ಸರಿಯಾಗಿ ಕಟ್ಟಿದ್ದೀರಾ, ಕ್ರೆಡಿಟ್ ಕಾರ್ಡಿನ ಮಿತಿಯಲ್ಲಿ ಎಷ್ಟು ಬಳಸಿದ್ದೀರಿ, ಸಾಲದ ಖಾತೆ ಎಷ್ಟು ಹಳೆಯದು, ಯಾವ ಯಾವ ಬಗೆಯ ಸಾಲ ಇದೆ, ಇತ್ತೀಚೆಗೆ ಎಷ್ಟು ಕಡೆ ಸಾಲ ಕೇಳಿದ್ದೀರಿ. ಇಷ್ಟೇ. ನಿಮ್ಮ ಸಂಬಳ ಇದರಲ್ಲಿ ಇಲ್ಲ. ನೀವು ಕೂಡಿಟ್ಟ ಠೇವಣಿ ಇಲ್ಲ. ಹೊಲ, ಮನೆ, ಬಂಗಾರ ಇಲ್ಲ. ತಂದೆತಾಯಿಯ ಔಷಧಿಗೆಂದು ತಿಂಗಳು ತಿಂಗಳು ನೀವು ಕಳಿಸುವ ದುಡ್ಡು ಇಲ್ಲ. ತಮ್ಮನ ಓದಿಗೆ ಕಟ್ಟಿದ ಫೀ ಇಲ್ಲ. ಅಷ್ಟೇಕೆ, ಯಾವ ಸಾಲವನ್ನೂ ಮಾಡದೆ ಹಾಸಿಗೆ ಇದ್ದಷ್ಟೇ ಕಾಲು ಚಾಚಿ ಬದುಕಿದವರಿಗೆ ಇದರಲ್ಲಿ ಜಾಗವೇ ಇಲ್ಲ.

ಒಬ್ಬ ನಿವೃತ್ತ ಹೆಡ್‌ಮಾಸ್ತರರು ನೆನಪಾಗುತ್ತಾರೆ. ಮೊಮ್ಮಗನ ಓದಿನ ಸಾಲಕ್ಕೆ ಜೊತೆ ಅರ್ಜಿದಾರರಾಗಿ ಸಹಿ ಹಾಕಲು ಶಾಖೆಗೆ ಬಂದಿದ್ದರು. ಬಿಳಿ ಧೋತರ, ಕೈಯಲ್ಲಿ ಛತ್ರಿ. ಕಂಪ್ಯೂಟರಿನಲ್ಲಿ ಅವರ ಹೆಸರು ಹಾಕಿ ನೋಡಿದರೆ ಸಾಲದ ಇತಿಹಾಸವಿಲ್ಲ ಎಂದು ಬಂತು. ನಮ್ಮ ಶಾಖೆಯ ಹುಡುಗ ಅದನ್ನು ಓದಿ ಹೇಳಿದ. ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು. "ಅರವತ್ತೆಂಟು ವರ್ಷ ಬದುಕೀನಿ. ಇತಿಹಾಸ ಇಲ್ಲ ಅಂತೈತೇನಪಾ ಇದು?" ಅಂದರು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ನೋವಿತ್ತು. ನಾನು ಎದ್ದು ಅವರನ್ನು ನನ್ನ ಕುರ್ಚಿಯ ಪಕ್ಕ ಕೂರಿಸಿಕೊಂಡೆ. "ಸರ್, ಇದು ನಿಮ್ಮ ಇತಿಹಾಸ ಅಲ್ಲ. ಸಾಲ ಕೊಟ್ಟವರ ಪುಸ್ತಕದಾಗ ನಿಮ್ಮ ಹೆಸರಿನ ಹಾಳಿ ಇಲ್ಲ, ಅಷ್ಟೇ" ಅಂದೆ. ಅವರಿಗೆ ಹೇಳಿದ ಆ ಮಾತನ್ನೇ ಇವತ್ತು ನಿಮಗೂ ಹೇಳುತ್ತಿದ್ದೇನೆ. ಅದು ಸಾಲ ಕೊಟ್ಟವರ ಪುಸ್ತಕ. ಅದರಲ್ಲಿ ನಮ್ಮ ಬದುಕಿನ ಒಂದೇ ಒಂದು ಹಾಳೆ ಇದೆ. ಉಳಿದ ಹಾಳೆಗಳೆಲ್ಲ ಬೇರೆ ಕಡೆ ಇವೆ.

ನನ್ನ ತಂಗಿಯ ಮಗಳ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ನಡೆಯುತ್ತಿದ್ದ ಸಾಲದ ಖಾತೆ ಮುಚ್ಚಿದಾಗ ಅಂಕ ಸ್ವಲ್ಪ ಅಲುಗುವುದುಂಟು. ಯಾಕೆಂದರೆ ಆ ಅಂಕ ಅಳೆಯುವುದು ನೀವು ಸಾಲವನ್ನು ಹೇಗೆ ನಡೆಸುತ್ತೀರಿ ಎಂಬುದನ್ನು. ಸಾಲವಿಲ್ಲದೆ ಎಷ್ಟು ನೆಮ್ಮದಿಯಿಂದ ಇದ್ದೀರಿ ಎಂಬುದನ್ನು ಅಳೆಯುವ ಶಕ್ತಿ ಅದಕ್ಕಿಲ್ಲ. ಸ್ಕೂಟರ್ ಸಾಲ ತೀರಿತು, ಗಾಡಿ ಆಕೆಯದಾಯಿತು, ತಿಂಗಳ ಕಂತಿನ ದುಡ್ಡು ಕೈಯಲ್ಲಿ ಉಳಿಯಿತು. ಮೂರೂ ಸತ್ಯ. ಹನ್ನೆರಡು ಪಾಯಿಂಟ್ ಇಳಿದದ್ದೂ ಸತ್ಯ. ಆ ನಾಲ್ಕನೆಯದನ್ನೇ ಹಿಡಿದುಕೊಂಡು ಮೊದಲಿನ ಮೂರನ್ನು ಮರೆತಳಲ್ಲ ಎಂಬುದು ನನ್ನ ಸಂಕಟ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ನಮ್ಮ ಕಡೆ 'ಪತ್ತು' ಅನ್ನುವ ಶಬ್ದವಿದೆ. ಪತ್ತಿನ ಸಹಕಾರಿ ಸಂಘ ಎಂಬ ಫಲಕವನ್ನು ನೀವೆಲ್ಲ ನೋಡಿದ್ದೀರಿ. ಪತ್ತು ಅಂದರೆ ಸಾಲ ಮಾತ್ರ ಅಲ್ಲ. ಒಬ್ಬನ ಮಾತಿಗೆ ಊರಿನಲ್ಲಿರುವ ಬೆಲೆ, ಇವನಿಗೆ ಕೊಟ್ಟರೆ ತಿರುಗಿ ಬರುತ್ತದೆ ಎಂಬ ನಂಬಿಕೆ. ಗದಗಿನ ಹತ್ತಿರ ಕಣಗಿನಹಾಳ ಎಂಬ ಊರಿದೆ. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಒಂದು ಸಹಕಾರಿ ಸಂಘ ಕಟ್ಟಿದರು. ದೇಶದ ಮೊದಲ ಕೃಷಿ ಪತ್ತಿನ ಸಂಘವೆಂದು ಅದಕ್ಕೆ ಹೆಸರು. 1904ರ ಸಹಕಾರಿ ಕಾಯ್ದೆಯ ಪ್ರಕಾರ ಹಳ್ಳಿಯ ಸಂಘಗಳ ಸದಸ್ಯರ ಹೊಣೆಗೆ ಮಿತಿ ಇರಲಿಲ್ಲ. ಅಂದರೆ ಒಬ್ಬ ಸಾಲ ಮುಳುಗಿಸಿದರೆ ಅದರ ಭಾರ ಎಲ್ಲರ ಮೇಲೆ ಬೀಳುತ್ತಿತ್ತು. ಹಾಗಿದ್ದೂ ಜನ ಒಬ್ಬರಿಗೊಬ್ಬರು ಸಹಿ ಹಾಕಿದರು. ಯಾವ ಅಂಕದ ಮೇಲೆ? ಆತ ಹೊಲಕ್ಕೆ ಎಷ್ಟು ಹೊತ್ತಿಗೆ ಹೋಗುತ್ತಾನೆ, ಎತ್ತನ್ನು ಹೇಗೆ ನೋಡಿಕೊಳ್ಳುತ್ತಾನೆ, ಕೊಟ್ಟ ಮಾತಿಗೆ ನಿಲ್ಲುತ್ತಾನೋ ಇಲ್ಲವೋ ಎಂಬುದು ಊರಿಗೆ ಗೊತ್ತಿತ್ತು. ಅದರ ಮೇಲೆ.

ಕರಾವಳಿಯಲ್ಲೂ ಇದೇ ಕಥೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿತು. ದಿನಕ್ಕೆ ಎರಡಾಣೆ ಇದ್ದರೂ ಸಾಕು, ಏಜೆಂಟ್ ಮನೆಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲೂ, ಸಣ್ಣ ಅಂಗಡಿಯವನೊಬ್ಬ ಸಾಲ ಕೇಳಿದರೆ ಹಿರಿಯ ಮ್ಯಾನೇಜರು ಮೊದಲು ಕರೆಸುತ್ತಿದ್ದುದು ಪಿಗ್ಮಿ ಏಜೆಂಟನನ್ನು. ಯಾರ ಅಂಗಡಿ ಹೇಗೆ ನಡೆದಿದೆ ಎಂಬುದು ಆತನಿಗೆ ಗೊತ್ತಿರುತ್ತಿತ್ತು. ಯಾರು ಕಷ್ಟದ ದಿನದಲ್ಲೂ ಹತ್ತು ರೂಪಾಯಿ ಎತ್ತಿಟ್ಟಿದ್ದಾರೆ ಎಂಬುದೂ ಗೊತ್ತಿರುತ್ತಿತ್ತು.

ಹಳೆಯದೆಲ್ಲ ಬಂಗಾರ ಎಂದು ನಾನು ಹೇಳುವುದಿಲ್ಲ. ಊರು ಕಂಡದ್ದರಲ್ಲಿ ಜಾತಿಯೂ ಇತ್ತು, ಪಕ್ಷಪಾತವೂ ಇತ್ತು. ಹೊಲವಿಲ್ಲದವರನ್ನು, ಒಂಟಿ ಹೆಂಗಸರನ್ನು, ಊರಾಚೆಯ ಕೇರಿಯವರನ್ನು ಆ ನಂಬಿಕೆ ಎಷ್ಟೋ ಸಲ ಹೊರಗೇ ನಿಲ್ಲಿಸಿತು. ಊರು ಬಿಟ್ಟು ಬೆಂಗಳೂರಿಗೆ ಹೋದ ಹುಡುಗನಿಗೆ ಅಲ್ಲಿ ಜಾಮೀನು ಹಾಕುವವರು ಯಾರು? ಆತನ ಅಪ್ಪ ಯಾರು, ಜಾತಿ ಯಾವುದು ಎಂದು ಕೇಳದೆ, ಕಂತು ಕಟ್ಟಿದ್ದಾನೆಯೇ ಎಂದಷ್ಟೇ ನೋಡುವ ಪುಸ್ತಕ ಆತನಿಗೆ ದೊಡ್ಡ ಉಪಕಾರ. ಹಾಗಾಗಿ ಅಂಕವನ್ನು ಬೈಯಲು ನಾನು ಇಲ್ಲಿ ಬಂದಿಲ್ಲ. ಅದು ಮಾಡುವ ಕೆಲಸ ನಿಜವಾದದ್ದು. ಒಂದು ಲೆಕ್ಕ ಹೇಳುತ್ತೇನೆ. 30 ಲಕ್ಷ ರೂಪಾಯಿಯ ಗೃಹಸಾಲ, 20 ವರ್ಷದ ಅವಧಿ. ಬಡ್ಡಿ ಎಂಟೂವರೆ ಇದ್ದರೆ ತಿಂಗಳ ಕಂತು ಸುಮಾರು 26,035 ರೂಪಾಯಿ. ಒಂಬತ್ತು ಇದ್ದರೆ ಸುಮಾರು 26,992. ತಿಂಗಳಿಗೆ 950 ರೂಪಾಯಿಗೂ ಹೆಚ್ಚು ವ್ಯತ್ಯಾಸ. ಇಪ್ಪತ್ತು ವರ್ಷದಲ್ಲಿ ಸುಮಾರು 2 ಲಕ್ಷ 30 ಸಾವಿರ. ಒಳ್ಳೆಯ ಅಂಕ ಇದ್ದವರಿಗೆ ಹಲವು ಬ್ಯಾಂಕುಗಳು ಬಡ್ಡಿಯಲ್ಲಿ ಇಂಥ ಇಳಿತ ಕೊಡುತ್ತವೆ. ಅದನ್ನು ಪಡೆಯುವುದು ಜಾಣತನ.

ನನ್ನ ಮಾತು ಇಷ್ಟೇ: ಅಂಕ ಒಂದು ಉಪಕರಣ. ಸಾಲ ಬೇಕಾದಾಗ ಅದರ ಕೆಲಸ. ಸಾಲ ಬೇಡದ ದಿನಗಳಲ್ಲಿ ಅದನ್ನು ಗೂಟಕ್ಕೆ ತೂಗುಹಾಕಿ ನಮ್ಮ ಕೆಲಸ ನಾವು ನೋಡಿಕೊಳ್ಳಬೇಕು. ಎಚ್ಚರ ಬೇರೆ, ಚಿಂತೆ ಬೇರೆ. ಎಚ್ಚರ ಕಂತು ಕಟ್ಟಿಸುತ್ತದೆ. ಚಿಂತೆ ಕಂತು ಕಟ್ಟಿದ ಮೇಲೂ ನಿದ್ದೆ ಕೆಡಿಸುತ್ತದೆ.

ಈ ಚಿಂತೆ ಎಲ್ಲಿಂದ ಬಂತು? ಅಂಕ ಸಾಲದ ಕಟ್ಟೆ ದಾಟಿ ಬೇರೆ ಬೇರೆ ಅಂಗಳಕ್ಕೆ ಕಾಲಿಟ್ಟಿದೆ. 2025ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ಮುರ್ತಿಜಾಪುರದಲ್ಲಿ, ವರನ ಸಿಬಿಲ್ ಅಂಕ ಕಡಿಮೆ ಇದೆಯೆಂದು ಹೆಣ್ಣಿನ ಕಡೆಯವರು ಮದುವೆ ಬೇಡವೆಂದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಹುಡುಗನ ಮೇಲೆ ಸಾಲವಿದೆಯೇ ಎಂದು ವಿಚಾರಿಸುವುದು ತಪ್ಪಲ್ಲ, ಹಿಂದೆಯೂ ವಿಚಾರಿಸುತ್ತಿದ್ದರು. ಆದರೆ ಆ ಸಾಲ ಯಾತಕ್ಕಾಯಿತು, ಅಪ್ಪನ ಆಸ್ಪತ್ರೆಗೋ ಇಸ್ಪೀಟಿಗೋ ಎಂಬುದನ್ನು ಅಂಕಿ ಹೇಳುವುದಿಲ್ಲ. ಅದನ್ನು ಮನುಷ್ಯರೇ ಕೇಳಬೇಕು, ಮನುಷ್ಯರೇ ಹೇಳಬೇಕು.

ಇನ್ನೊಂದು ಕಡೆ ಮೊಬೈಲ್ ಇದೆ. ಉಚಿತವಾಗಿ ಅಂಕ ತೋರಿಸುವ ಆ್ಯಪ್‌ಗಳಲ್ಲಿ ಹೆಚ್ಚಿನವು ಸಾಲ ಮತ್ತು ಕಾರ್ಡು ಮಾರಿ ದುಡ್ಡು ಮಾಡುತ್ತವೆ. ನೀವು ಪದೇ ಪದೇ ತೆರೆದು ನೋಡಿದಷ್ಟೂ ಅವಕ್ಕೆ ಲಾಭ. ಅಂಕ ಏರಿದರೆ 'ನಿಮಗೆ ಇಷ್ಟು ಸಾಲ ಸಿದ್ಧವಿದೆ' ಎನ್ನುತ್ತವೆ. ಇಳಿದರೆ 'ಸರಿಪಡಿಸಿಕೊಳ್ಳಿ, ಈ ಕಾರ್ಡು ತೆಗೆದುಕೊಳ್ಳಿ' ಎನ್ನುತ್ತವೆ. ನಿಜ ಹೇಳಬೇಕೆಂದರೆ ದಿನವೂ ನೋಡುವುದರಲ್ಲಿ ಹುರುಳೇ ಇಲ್ಲ. ಬ್ಯಾಂಕುಗಳು ಮೊದಲು ತಿಂಗಳಿಗೊಮ್ಮೆ ಈ ಕಂಪನಿಗಳಿಗೆ ಮಾಹಿತಿ ಕಳಿಸುತ್ತಿದ್ದವು. ಹದಿನೈದು ದಿನಕ್ಕೊಮ್ಮೆ ಕಳಿಸಬೇಕೆಂಬ ನಿಯಮ ಬಂದದ್ದೇ 2025ರ ಜನವರಿಯಿಂದ. ಗಿಡಕ್ಕೆ ಹದಿನೈದು ದಿನಕ್ಕೊಮ್ಮೆ ನೀರು ಹಾಕಿ, ದಿನವೂ ಬೇರು ಕಿತ್ತು ನೋಡಿದಂತೆ ನಮ್ಮ ಸ್ಥಿತಿ. ಅದೂ ಅಲ್ಲದೆ ಒಬ್ಬರಿಗೇ ಒಂದು ಕಂಪನಿ ಒಂದು ಅಂಕ ಕೊಟ್ಟರೆ ಇನ್ನೊಂದು ಕಂಪನಿ ಬೇರೆ ಅಂಕ ಕೊಡುತ್ತದೆ. ಲೆಕ್ಕ ಹಾಕುವ ರೀತಿ ಬೇರೆ ಬೇರೆ. ಅದೇ ಮನುಷ್ಯ, ಅದೇ ಕಂತು, ಎರಡು ಅಂಕಿ. ಇದರಲ್ಲಿ ಯಾವ ಅಂಕಿಯನ್ನು ನಿಮ್ಮ ಬೆಲೆ ಎಂದು ಎದೆಗೆ ಹಚ್ಚಿಕೊಳ್ಳುತ್ತೀರಿ?

ಎಲ್ಲಕ್ಕಿಂತ ಕೆಟ್ಟದ್ದು, ಬಡವರ ಮೇಲೆ ಈ ಅಂಕವನ್ನು ಬಾರುಕೋಲಿನಂತೆ ಬೀಸುವುದು. ಮೈಕ್ರೋಫೈನಾನ್ಸ್ ಸಂಘದ ಸಾಲ ತೆಗೆದುಕೊಂಡ ಹೆಣ್ಣುಮಕ್ಕಳ ಬಾಗಿಲಲ್ಲಿ ನಿಂತು, 'ನಿನ್ನ ಸಿಬಿಲ್ ಕೆಡುತ್ತದೆ, ನಾಳೆ ನಿನ್ನ ಮಕ್ಕಳಿಗೆ ಯಾರೂ ಸಾಲ ಕೊಡುವುದಿಲ್ಲ' ಎಂದು ಹೆದರಿಸುವುದನ್ನು ಕೇಳಿದ್ದೇನೆ. ತಾಯಂದಿರೆ, ಗಮನವಿಟ್ಟು ಕೇಳಿ. ಅಂಕ ಆಯಾ ಮನುಷ್ಯರದು. ನಿಮ್ಮ ಕಂತು ತಪ್ಪಿದರೆ ನಿಮ್ಮ ಮಗಳ ಹೆಸರಿನ ಹಾಳೆಯಲ್ಲಿ ಅದು ದಾಖಲಾಗುವುದಿಲ್ಲ. ಜೊತೆಯಾಗಿ ಸಾಲ ಮಾಡಿದವರಿಗೆ, ಜಾಮೀನು ಹಾಕಿದವರಿಗೆ ಮಾತ್ರ ಅದು ತಟ್ಟುತ್ತದೆ. ಮಗಳ ಓದಿನ ಸಾಲಕ್ಕೆ ನೀವೇ ಜೊತೆ ಅರ್ಜಿದಾರರಾದರೆ ಬ್ಯಾಂಕು ನಿಮ್ಮ ಹಾಳೆಯನ್ನೂ ನೋಡಬಹುದು, ಅದು ನಿಜ. ಆದರೆ ಬಾಗಿಲು ಅಲ್ಲಿಗೇ ಮುಚ್ಚುವುದಿಲ್ಲ. ವಿದ್ಯಾರ್ಥಿಯದೇ ಅಂಕ ಕಡಿಮೆ ಇದ್ದರೂ ಆ ಕಾರಣಕ್ಕೆ ಓದಿನ ಸಾಲ ತಿರಸ್ಕರಿಸುವುದು ಸರಿಯಲ್ಲ ಎಂದು 2023ರಲ್ಲಿ ಕೇರಳ ಹೈಕೋರ್ಟ್ ಹೇಳಿದೆ.

ವಸೂಲಿಗೂ ನಿಯಮವಿದೆ. ರಿಸರ್ವ್ ಬ್ಯಾಂಕಿನ ಪ್ರಕಾರ ಮೈಕ್ರೋಫೈನಾನ್ಸ್ ಸಾಲದವರು ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಬಂದು ಕೇಳುವಂತಿಲ್ಲ. ವರ್ಷಕ್ಕೆ 3 ಲಕ್ಷದವರೆಗೆ ಆದಾಯವಿರುವ ಮನೆಗೆ ಕೊಡುವ ಇಂಥ ಸಾಲದಲ್ಲಿ, ಎಲ್ಲ ಸಾಲಗಳ ಕಂತು ಕೂಡಿಸಿದರೂ ತಿಂಗಳ ಆದಾಯದ ಅರ್ಧ ದಾಟಬಾರದು. ಕಿರುಕುಳಕ್ಕೆ ಜೀವಗಳು ಬಲಿಯಾದ ಮೇಲೆ ನಮ್ಮ ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದು, ಬಲವಂತದ ವಸೂಲಿಗೆ 10 ವರ್ಷದವರೆಗೆ ಸಜೆ, 5 ಲಕ್ಷದವರೆಗೆ ದಂಡ ಇಟ್ಟಿತು. ಸಾಲದ ಭಾರಕ್ಕೆ ಜೀವವೇ ಬೇಡ ಅನ್ನಿಸುವ ರಾತ್ರಿ ಯಾರಿಗಾದರೂ ಬಂದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮನಸ್, ಸರ್ಕಾರದ ಉಚಿತ ಸಹಾಯವಾಣಿ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಕನ್ನಡದಲ್ಲೇ ಮಾತಾಡಬಹುದು. ಯಾವ ಸಾಲವೂ ಜೀವಕ್ಕೆ ಸಮನಲ್ಲ.

ಹಾಗಾದರೆ ಮಾಡಬೇಕಾದ್ದು ಏನು? ನನ್ನ ಅನುಭವದಲ್ಲಿ ನಾಲ್ಕೇ ಕೆಲಸ. ಮೊದಲನೆಯದು, ಕಂತು ಮತ್ತು ಕಾರ್ಡಿನ ಬಿಲ್ಲು ಹೊತ್ತಿಗೆ ಕಟ್ಟುವುದು. ಸಂಬಳದ ಮರುದಿನವೇ ಖಾತೆಯಿಂದ ತಾನಾಗಿ ಹೋಗುವಂತೆ ಬ್ಯಾಂಕಿಗೆ ಬರೆದುಕೊಟ್ಟುಬಿಡಿ. ನೆನಪಿಟ್ಟುಕೊಳ್ಳುವ ಭಾರವೂ ತಪ್ಪುತ್ತದೆ. ಕಾರ್ಡಿನಲ್ಲಿ 'ಕನಿಷ್ಠ ಮೊತ್ತ' ಕಟ್ಟಿ ಸುಮ್ಮನಾಗಬೇಡಿ. ಉಳಿದದ್ದರ ಮೇಲೆ ತಿಂಗಳಿಗೆ ನೂರಕ್ಕೆ ಮೂರು, ಮೂರೂವರೆ ರೂಪಾಯಿ ಬಡ್ಡಿ ಬೀಳುವುದು ಸಾಮಾನ್ಯ, ಅಂದರೆ ವರ್ಷಕ್ಕೆ ಮೂವತ್ತಾರು, ನಲವತ್ತೆರಡು. ಎರಡನೆಯದು, ಕಾರ್ಡಿಗೆ ಒಂದು ಲಕ್ಷದ ಮಿತಿ ಇದ್ದರೆ ಮೂವತ್ತು ಸಾವಿರದೊಳಗೆ ಬಳಸುವ ರೂಢಿ ಇಟ್ಟುಕೊಳ್ಳಿ. ಮೂರನೆಯದು, ಒಂದೇ ವಾರದಲ್ಲಿ ನಾಲ್ಕು ಕಡೆ ಸಾಲಕ್ಕೆ ಅರ್ಜಿ ಹಾಕಬೇಡಿ. ಹಾಗೆಯೇ ಯಾರಿಗಾದರೂ ಜಾಮೀನು ಸಹಿ ಹಾಕುವಾಗ, ಆ ಸಾಲ ನಾಳೆ ನಾನೇ ತೀರಿಸಬೇಕಾದರೆ ಎಂದು ಒಂದು ರಾತ್ರಿ ಯೋಚಿಸಿ ಹಾಕಿ. ನಾಲ್ಕನೆಯದು, ವರ್ಷಕ್ಕೊಮ್ಮೆ ನಿಮ್ಮ ವರದಿ ತರಿಸಿ ಓದಿ. ನಾಲ್ಕು ಕಂಪನಿಗಳೂ ಪ್ರತಿ ವರ್ಷ ಒಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಲೇಬೇಕು. 2017ರಿಂದ ಜಾರಿಯಲ್ಲಿರುವ ನಿಯಮ ಇದು. ನಿಮ್ಮ ವರದಿಯನ್ನು ನೀವೇ ನೋಡಿದರೆ ಅಂಕ ಇಳಿಯುವುದಿಲ್ಲ. ಆ ಹೆದರಿಕೆ ಬೇಡ.

ಓದುವಾಗ ಅಂಕ ಎಷ್ಟು ಎಂದು ನೋಡುವುದಕ್ಕಿಂತ, ಬರೆದದ್ದು ಸರಿಯಿದೆಯೇ ಎಂದು ನೋಡಿ. ಇದನ್ನು ನಾನು ಪೆಟ್ಟು ತಿಂದು ಕಲಿತಿದ್ದೇನೆ. ನಿವೃತ್ತನಾದ ಮರುವರ್ಷ ನನ್ನ ವರದಿ ತರಿಸಿದೆ. ನಾನು ಎಂದೂ ಕಾಲಿಡದ ಜಿಲ್ಲೆಯೊಂದರಲ್ಲಿ ನನ್ನ ಹೆಸರಿನಲ್ಲಿ ಬೈಕ್ ಸಾಲ ಇತ್ತು. ಐದು ಕಂತು ಬಾಕಿ. ನನ್ನದೇ ಹೆಸರಿನ ಬೇರೊಬ್ಬರ ಸಾಲವನ್ನು ಆ ಸಂಸ್ಥೆಯವರು ನನ್ನ ಹಾಳೆಗೆ ಏರಿಸಿದ್ದರು. ಜೀವನವಿಡೀ ಇದೇ ಕೆಲಸ ಮಾಡಿದವನು ನಾನು. ಆದರೂ ಒಂದು ವಾರ ಸರಿಯಾಗಿ ನಿದ್ದೆ ಬರಲಿಲ್ಲ. ಬೀದಿಯಲ್ಲಿ ಎದುರಾದವರೆಲ್ಲ ನನ್ನ ಬಾಕಿ ಬಲ್ಲವರಂತೆ ಕಂಡರು. ಆಮೇಲೆ ಕಂಪನಿಗೆ ದೂರು ಬರೆದೆ, ಕಾಗದ ಲಗತ್ತಿಸಿದೆ. ತಿಂಗಳೊಳಗೆ ಆ ಸಾಲ ನನ್ನ ಹಾಳೆಯಿಂದ ಹೋಯಿತು. ಆ ವಾರದ ನಿದ್ದೆ ಮಾತ್ರ ತಿರುಗಿ ಬರಲಿಲ್ಲ. ದೂರು ಬರೆಯಲು ಬೇಕಾದದ್ದು ಅರ್ಧ ಗಂಟೆ. ಅದನ್ನು ಮೊದಲ ದಿನವೇ ಮಾಡಿದ್ದರೆ ಉಳಿದ ಆರು ದಿನ ನನ್ನದಾಗಿರುತ್ತಿತ್ತು.

ಈಗ ನಿಯಮ ಇನ್ನೂ ಬಿಗಿಯಾಗಿದೆ. 2024ರ ಏಪ್ರಿಲ್ ನಂತರ, ದೂರು ಕೊಟ್ಟ 30 ದಿನದಲ್ಲಿ ಪರಿಹಾರವಾಗದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿಯಂತೆ ನಿಮಗೆ ಪರಿಹಾರ ಕೊಡಬೇಕು. ಅಲ್ಲೂ ಆಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದು. 2022ರ ಸೆಪ್ಟೆಂಬರಿನಿಂದ ಈ ಕಂಪನಿಗಳೂ ಅದರ ವ್ಯಾಪ್ತಿಗೆ ಬಂದಿವೆ. ಮಾಹಿತಿಗೆ ರಿಸರ್ವ್ ಬ್ಯಾಂಕಿನ ಸಂಖ್ಯೆ 14448. ದುಡ್ಡು ಕೊಡಿ, ವಾರದಲ್ಲಿ ಅಂಕ ಏರಿಸಿಕೊಡುತ್ತೇವೆ ಎನ್ನುವವರ ಮಾತಿಗೆ ಮಾತ್ರ ಹೋಗಬೇಡಿ. ತಪ್ಪಿದ್ದರೆ ತಿದ್ದಿಸುವುದು ಉಚಿತ. ತಪ್ಪಿಲ್ಲದ್ದನ್ನು ತಿದ್ದಲು ಯಾರಿಂದಲೂ ಆಗದು. ಸಾಲವನ್ನೇ ಮಾಡದವರಿಗೂ ಒಂದು ಸಮಾಧಾನ ಇದೆ. ಸಾಲಕ್ಕೆ ಇಷ್ಟೇ ಅಂಕ ಇರಬೇಕೆಂದು ರಿಸರ್ವ್ ಬ್ಯಾಂಕ್ ಎಲ್ಲೂ ಕಟ್ಟಳೆ ಹಾಕಿಲ್ಲ. ಮೊದಲ ಸಲ ಸಾಲ ಕೇಳುವವರನ್ನು ಇತಿಹಾಸವಿಲ್ಲ ಎಂಬ ಒಂದೇ ಕಾರಣಕ್ಕೆ ತಿರಸ್ಕರಿಸಬಾರದು ಎಂದು 2025ರಲ್ಲಿ ಕೇಂದ್ರ ಸರ್ಕಾರ ಸಂಸತ್ತಿನಲ್ಲೇ ಸ್ಪಷ್ಟಪಡಿಸಿದೆ. ನಮ್ಮ ಹೆಡ್‌ಮಾಸ್ತರರು ಇದನ್ನು ಕೇಳಬೇಕಿತ್ತು.

ಆದರೆ ಅಂಕ ನಿಜವಾಗಿಯೂ ಬಿದ್ದವರ ಗತಿ? ಅವರಿಗಾಗಿಯೇ ಒಂದು ಪ್ರಸಂಗ. ಕೊಪ್ಪಳದ ಕಡೆ ಒಂದು ಹಳ್ಳಿಯಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದವನೊಬ್ಬ. ಹೆಂಡತಿಗೆ ಕಿಡ್ನಿ ಕಾಯಿಲೆ ಬಂದು ಎಂಟು ತಿಂಗಳು ಕಂತು ಕಟ್ಟಲಾಗಲಿಲ್ಲ. ಅಂಕ 600ಕ್ಕಿಂತ ಕೆಳಗೆ ಬಿತ್ತು. ಗಿರಣಿಯ ಮೋಟಾರು ಸುಟ್ಟುಹೋದಾಗ ಹೊಸ ಸಾಲ ಕೇಳಲು ಬಂದ. ನಮ್ಮ ನಿಯಮದಲ್ಲಿ ಅವಕಾಶವಿರಲಿಲ್ಲ. "ಸಾಹೇಬ್ರ, ನನ್ನ ಪತ್ತು ಹೋತ್ರಿ" ಅಂದ. ಕಣ್ಣೆತ್ತಿ ನೋಡಲಿಲ್ಲ.

"ಅಂಕ ಹೋಗೈತಿ, ಪತ್ತು ಹೋಗಿಲ್ಲ. ನಿಮ್ಮೂರ ಸಂಘದಾಗ ಕೇಳಿ ನೋಡು" ಅಂದೆ. ಆ ಮಾತನ್ನು ಆಗ ನಾನು ಸಮಾಧಾನಕ್ಕೆ ಆಡಿದ್ದು. ಆದರೆ ಊರಿನ ಪತ್ತಿನ ಸಂಘದಲ್ಲಿ ಇಬ್ಬರು ಸದಸ್ಯರು ಜಾಮೀನು ನಿಂತರು. ಇಬ್ಬರೂ ಆತನ ಗಿರಣಿಗೆ ಜೋಳ ಬೀಸಿಸಲು ಬರುತ್ತಿದ್ದವರು. ಹೆಂಡತಿಯನ್ನು ಆತ ಎತ್ತಿಕೊಂಡು ಬಸ್ಸು ಹತ್ತಿಸುತ್ತಿದ್ದುದನ್ನು ಕಣ್ಣಾರೆ ಕಂಡವರು. ಮೋಟಾರು ಬಂತು, ಗಿರಣಿ ತಿರುಗಿತು, ಹಳೆಯ ಬಾಕಿಯನ್ನು ನಮ್ಮಲ್ಲಿ ಸ್ವಲ್ಪ ಸ್ವಲ್ಪವಾಗಿ ಪೂರ್ತಿ ತೀರಿಸಿದ. ಸೆಟಲ್‌ಮೆಂಟ್ ಮಾಡಿಕೊಂಡು ಕಡಿಮೆ ಕಟ್ಟುತ್ತೀಯಾ ಎಂದು ಕೇಳಿದಾಗ ಬೇಡವೆಂದ. ಅದು ಒಳ್ಳೆಯದೇ ಆಯಿತು. ಹಾಗೆ ಅರ್ಧಕ್ಕೆ ಮುಗಿಸಿದ ಸಾಲದ ಗುರುತು ವರದಿಯಲ್ಲಿ ಉಳಿದು ಬಹಳ ಕಾಲ ತೊಂದರೆ ಕೊಡುತ್ತದೆ. ವರದಿಯಲ್ಲಿ ಕಂತಿನ ಲೆಕ್ಕ 36 ತಿಂಗಳವರೆಗೆ ತಿಂಗಳು ತಿಂಗಳಾಗಿ ಕಾಣುತ್ತದೆ. ಹೊಸ ತಿಂಗಳು ಒಂದೊಂದಾಗಿ ಮುಂದೆ ಬಂದಂತೆ ಕೆಟ್ಟ ತಿಂಗಳು ಹಿಂದೆ ಸರಿಯುತ್ತದೆ. ಮೂರು ವರ್ಷದ ಮೇಲೆ ಆತ ಮತ್ತೆ ಶಾಖೆಗೆ ಬಂದ, ಕೈಯಲ್ಲಿ ಅರಿಶಿನ ಹಚ್ಚಿದ ಲಗ್ನಪತ್ರಿಕೆ. ಮಗಳ ಮದುವೆ. ಅಂಕ ಎಷ್ಟಾಗಿದೆ ಎಂದು ಆತ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಮತ್ತೆ ತಂಗಿಯ ಮಗಳ ಮಾತಿಗೆ ಬರುತ್ತೇನೆ. ಅವತ್ತು ಸಂಜೆ ನಾನೇ ಆಕೆಗೆ ಫೋನ್ ಮಾಡಿದೆ. ಆಕೆಯ ಅಜ್ಜಿ, ಅಂದರೆ ನನ್ನ ಅವ್ವ, ನಡೆದುಕೊಳ್ಳುತ್ತಿದ್ದ ರೀತಿ ಹೇಳಿದೆ. ನಮ್ಮೂರ ಕಿರಾಣಿ ಅಂಗಡಿಯಲ್ಲಿ 'ಇಂದು ನಗದು, ನಾಳೆ ಉದ್ರಿ' ಎಂಬ ಹಲಗೆ ತೂಗುತ್ತಿತ್ತು. ಅದರ ಕೆಳಗೇ ನಿಂತು ಅವ್ವ ಉದ್ರಿ ತರುತ್ತಿದ್ದಳು, ಅಂಗಡಿಯವರು ಕೊಡುತ್ತಿದ್ದರು. ತಂದದ್ದನ್ನೆಲ್ಲ ಒಂದು ಸಣ್ಣ ಪುಸ್ತಕದಲ್ಲಿ ಬರೆಸುತ್ತಿದ್ದಳು. ಸುಗ್ಗಿಯ ದುಡ್ಡು ಬಂದ ದಿನ ಮೊದಲ ಕೆಲಸ ಅಂಗಡಿಗೆ ಹೋಗಿ ಸಾಲು ಸಾಲಾಗಿ ಓದಿಸಿ, ತಪ್ಪಿದ್ದರೆ ತಿದ್ದಿಸಿ, ಕೊಡುವುದನ್ನು ಕೊಟ್ಟು ಬರುವುದು. ಒಂದು ವರ್ಷ ಮಳೆ ಕೈಕೊಟ್ಟು ಬಾಕಿ ಉಳಿಯಿತು. ರಾತ್ರಿ ಅಪ್ಪ ಅದೇ ಪುಸ್ತಕ ಮತ್ತೆ ಮತ್ತೆ ತೆರೆದು ಕೂತದ್ದನ್ನು ನೋಡಿ ಅವ್ವ ಅಂದಳು: "ಇದ್ದದ್ದು ಕೊಟ್ಟೀವಿ, ಉಳದದ್ದು ಕೊಡ್ತೀವಿ. ಪುಸ್ತಕ ಗೂಡಿನ್ಯಾಗ ಇಡ್ರಿ. ಎದಿ ಮ್ಯಾಲ ಇಟ್ಕೊಂಡು ಮಲಗಬ್ಯಾಡ್ರಿ."

ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಹಂಗಾದ್ರ ಯಾವಾಗ ನೋಡ್ಲಿ ಮಾಮಾ?" ಎಂದು ಕೇಳಿದಳು.

ದೀಪಾವಳಿಗೆ ನಮ್ಮ ಪೇಟೆಯಲ್ಲಿ ಅಂಗಡಿಯವರು ಲೆಕ್ಕದ ಪುಸ್ತಕ ಪೂಜೆ ಮಾಡುತ್ತಾರೆ. ಹಳೆಯ ಲೆಕ್ಕ ನೋಡಿ ಮುಗಿಸಿ, ಹೊಸ ಪುಸ್ತಕಕ್ಕೆ ಕುಂಕುಮ ಹಚ್ಚುತ್ತಾರೆ. ಅದೇ ವಾರ ನೀನೂ ನೋಡು ಅಂದೆ. ವರದಿ ತರಿಸು, ಸಾಲು ಸಾಲಾಗಿ ಓದು, ತಪ್ಪಿದ್ದರೆ ದೂರು ಬರೆ. ಆಮೇಲೆ ಮುಚ್ಚಿಟ್ಟು ಹಣತೆ ಹಚ್ಚಲು ಹೋಗು.

ಆಕೆ ಆ ಆ್ಯಪ್ ತೆಗೆದುಹಾಕಿದ್ದಾಳೆ. ಬೆಳಿಗ್ಗೆ ಎದ್ದು ಮೊದಲು ಮಗನನ್ನು ಎಬ್ಬಿಸುತ್ತಾಳಂತೆ. ಕೇಳುಗ ಬಂಧುಗಳೆ, ನಿಮ್ಮ ಎದೆಯ ಮೇಲೂ ಅಂಥದೊಂದು ಪುಸ್ತಕ ಇದ್ದರೆ ಇವತ್ತು ರಾತ್ರಿ ಅದನ್ನು ಗೂಡಿನಲ್ಲಿಟ್ಟು ಮಲಗಿ. ಕೊಡಬೇಕಾದ್ದನ್ನು ಕೊಡುವ ಮನಸ್ಸು ನಿಮ್ಮಲ್ಲಿ ಇರುವವರೆಗೆ ನಿಮ್ಮ ಪತ್ತು ಎಲ್ಲಿಗೂ ಹೋಗುವುದಿಲ್ಲ.